ದ್ವೀಪಕ್ಕೆ ಬಂದ ದೀಪಗಳು

2025ರ ಮಾರ್ಚ್ 9, ಭಾನುವಾರ, ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ, ಬಾದಾಮಿಯಿಂದ ಚೊಳಚಗುಡ್ಡಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಕಣ್ಣು ಬಿಡಲಾಗದಂಥ ಬಿಸಿಲಿನ ನಟ್ಟನಡುವೆ ಒಂದು ಮೋಡ ಹುಟ್ಟಿತು.

ದೊಡ್ಡ ಮೋಡವೇನಲ್ಲ. ಶಾಲೆಯ ಒಂದು ಕೋಣೆಯಷ್ಟಿದ್ದ ಗಾಜಿನ ಮನೆಯೊಳಗೆ, ಕೆಂಪು ಗ್ರಾನೈಟ್ ಗುಡ್ಡವೊಂದರ ನೆತ್ತಿಯಲ್ಲಿ ಅದು ಹುಟ್ಟಿ, ಪಾಚಿಯ ಮೇಲೆ ಜಾರಿ, ಜರೀಗಿಡಗಳ ಸಂದಿಯಲ್ಲಿ ಸ್ವಲ್ಪ ಹೊತ್ತು ತಡಕಾಡಿ, ಕೆಳಗೆ ನಿಂತಿದ್ದ ಮಹೇಶ್ವರಿಯ ಮೊಣಕಾಲಿನ ತನಕ ಬಂದು ನಿಂತಿತು. ಮಹೇಶ್ವರಿ ತನ್ನ ಕಾಲುಗಳನ್ನು ಹುಡುಕಿದಳು. ಕಾಣಲಿಲ್ಲ. ಹುನಗುಂದದ ಹೆಣ್ಣುಮಗಳು, ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಡಾಕ್ಟರೇಟ್ ಪಡೆದವಳು, ಚಹಾಕ್ಕೆ ಹಾಕುವ ಸಕ್ಕರೆಯನ್ನೂ ಎರಡು ಸಲ ಅಳೆಯುವವಳು. ಅಂಥವಳು ಒಂದು ಕಾಲೆತ್ತಿ, ಮೋಡದಿಂದ ಮೇಲೆದ್ದ ತನ್ನ ಚಪ್ಪಲಿಯನ್ನು ಕಂಡು, ಅದನ್ನು ಮತ್ತೆ ಮುಳುಗಿಸಿ, ಗಟ್ಟಿಯಾಗಿ ನಕ್ಕುಬಿಟ್ಟಳು.

"ಕಲ್ಲೇಶ, ಸಾಕು, ಪಂಪ್ ಬಂದ್ ಮಾಡು! ಬ್ಯಾಡ ಬ್ಯಾಡ, ಇನ್ನ ಸ್ವಲ್ಪ ಇರ್ಲಿ!"

"ಒಂದ ಮಾತ ಹೇಳ್ರಿ ಮೇಡಮ್ಮಾರ," ಎಂದು ಹೊರಗಿನಿಂದ ಕಲ್ಲೇಶನ ದನಿ ಬಂತು. ನೀರನ್ನು ಮಂಜಾಗಿ ಚಿಮ್ಮಿಸುವ ಪಂಪು, ಫ್ಯಾನು, ನಳ ಎಲ್ಲ ಅವನ ಕೈಯಲ್ಲಿದ್ದವು. "ಬಂದ್ ಮಾಡ್ಲೋ, ಇರ್ಲೋ? ನೀವು ಒಳಗ ಒಬ್ಬರ ನಗೂದು ಕೇಳಿ ನನಗ ಹೆದರಿಕಿ ಬರಾಕತ್ತೈತಿ."

ಆ ದಿನ ಸಂಜೆ ಐದಕ್ಕೆ ಗಾಜಿನ ಮನೆಯ ಬಾಗಿಲು ಊರವರಿಗಾಗಿ ತೆರೆಯುವುದಿತ್ತು.

ಇದೆಲ್ಲ ಶುರುವಾದದ್ದು ಹೊಳಬಸಪ್ಪನವರಿಂದ. ಇಳಕಲ್ಲಿನ ಕೆಂಪು ಕಲ್ಲಿನ ಗಣಿಗಳಲ್ಲಿ ಇಡೀ ಆಯುಷ್ಯ ಗುಡ್ಡ ಕಡಿಸಿ ಮಾರಿದ ಸಾವಕಾರರು ಅವರು. ಅರವತ್ತೆಂಟನೇ ವಯಸ್ಸಿನಲ್ಲಿ ಪ್ರವಾಸದ ಗುಂಪೊಂದರ ಜೊತೆ ಬೋರ್ನಿಯೊ ದ್ವೀಪಕ್ಕೆ ಹೋದರು. ಅಲ್ಲಿ ಕಿನಬಾಲು ಎಂಬ ಬೆಟ್ಟ, ಅದೂ ಗ್ರಾನೈಟೇ. ಅದರ ಅರ್ಧದ ತನಕ ಹತ್ತಿದ ಮೇಲೆ ಅವರಿಗೆ ತಲೆ ಹಗುರವಾಗಿ, ಕಾಲು ನೆಲ ಬಿಟ್ಟಂತಾಗಿ, ಮೋಡದೊಳಗೆ ನಿಂತು ಅಪರಿಚಿತ ಜಪಾನಿ ದಂಪತಿಯನ್ನು ಅಪ್ಪಿಕೊಂಡರಂತೆ. ಊರಿಗೆ ಬಂದವರೇ ತಮ್ಮ ಟ್ರಸ್ಟಿನ ಸಸ್ಯೋದ್ಯಾನದಲ್ಲಿ ಅಂಥದೇ ಒಂದು ಬೆಟ್ಟ ಆಗಬೇಕೆಂದು ಹಟ ಹಿಡಿದರು. "ನಾ ಸಾವಿರ ಗುಡ್ಡ ಇಳಿಸೇನಿ. ಒಂದರೆ ಏರಸ್ತೇನಿ," ಎಂದರು.

ಏರಿಸುವ ಕೆಲಸ ಮಹೇಶ್ವರಿಯ ಪಾಲಿಗೆ ಬಂತು. ಇಳಕಲ್ಲಿನಿಂದ ಲಾರಿಯಲ್ಲಿ ಬಂದ ಒಡಕಲ್ಲುಗಳನ್ನು ಆಳೆತ್ತರ, ಅದರ ಮೇಲೆ ಇನ್ನೊಂದು ಆಳೆತ್ತರ ಪೇರಿಸಿದಳು. ಇಲ್ಲಿನ ಬೋರಿನ ನೀರಲ್ಲಿ ಸುಣ್ಣ ಹೆಚ್ಚು. ಬೆಟ್ಟದ ಗಿಡಗಳಿಗೆ ಸುಣ್ಣ ಆಗಿಬರದು. ಹಾಗಾಗಿ ಮಳೆನೀರು ಹಿಡಿದಿಟ್ಟಳು. ಬಾಗಲಕೋಟೆಯ ಒಂದು ಪ್ರಯೋಗಾಲಯದ ಗಾಜಿನ ಬಾಟಲಿಗಳಲ್ಲಿ ಬೀಜದಿಂದ ಬೆಳೆಸಿದ ಸಸಿಗಳನ್ನು ಮಡಿಲಲ್ಲಿಟ್ಟುಕೊಂಡು ತಂದಳು: ಹುಳ ಹಿಡಿದು ತಿನ್ನುವ ಹೂಜಿಗಿಡಗಳು, ಕಲ್ಲಿಗಂಟಿ ಬೆಳೆಯುವ ರೋಡೊಡೆಂಡ್ರಾನ್‌ಗಳು, ಉಗುರಿನಷ್ಟು ಸಣ್ಣ ಸೀತಾಳೆಗಳು.

ಇವುಗಳ ಕತೆ ಮಹೇಶ್ವರಿಗೆ ಎಷ್ಟು ಸಲ ಹೇಳಿದರೂ ಬೇಸರವಾಗದು. ಬೆಟ್ಟದ ಮೇಲಿನ ಗಿಡ ಕೆಳಗಿಳಿಯಲಾರದು, ಕೆಳಗೆ ಶೆಕೆ. ಸುತ್ತ ನಾಲ್ಕೂ ಕಡೆ ಶೆಕೆಯ ಸಮುದ್ರ, ನಡುವೆ ತಣ್ಣನೆಯ ಒಂದು ತುಣುಕು ನೆಲ. ಸಮುದ್ರದ ನಡುವೆ ದ್ವೀಪ, ದ್ವೀಪದ ನಡುವೆ ಬೆಟ್ಟ, ಬೆಟ್ಟದ ನೆತ್ತಿಯಲ್ಲಿ ಮತ್ತೊಂದು ದ್ವೀಪ. ಆ ನೆತ್ತಿಯನ್ನು ಬಾದಾಮಿಯ ಬಿಸಿಲಿಗೆ ತರುವುದೆಂದರೆ ಸಮುದ್ರವನ್ನು ಇನ್ನಷ್ಟು ಆಳ ಮಾಡಿದಂತೆಯೇ.

ಆದರೂ ಅದು ಸಾಧ್ಯವಿತ್ತು, ಯಾಕೆಂದರೆ ಬಾದಾಮಿಯ ಒಣಗಾಳಿಗೆ ನೀರಡಿಕೆ ಹೆಚ್ಚು. ಅದು ನೀರು ಕುಡಿದಷ್ಟೂ ತಣ್ಣಗಾಗುತ್ತದೆ. ಗಾಜಿನ ಮನೆಯ ಪಡುವಣ ಗೋಡೆಯನ್ನು ಪೂರಾ ಲಾವಂಚದ ಬೇರಿನಿಂದ ಕಟ್ಟಿದ್ದರು. ಮೇಲಿನ ಟಾಕಿಯಿಂದ ಅದರ ಮೇಲೆ ಸದಾ ನೀರು ತೊಟ್ಟಿಕ್ಕುತ್ತಿತ್ತು. ಎದುರಿನ ಗೋಡೆಯ ಎರಡು ದೊಡ್ಡ ಫ್ಯಾನುಗಳು ಒಳಗಿನ ಗಾಳಿಯನ್ನು ಹೊರಗೆ ದೂಡಿದರೆ, ಹೊರಗಿನ ಬಿಸಿಗಾಳಿ ಆ ಹಸಿಬೇರಿನೊಳಗಿಂದ ಹಾದು ತಂಪಾಗಿ ಒಳಗೆ ಬರುತ್ತಿತ್ತು. ಫ್ಯಾನು ತಿರುಗುವ ತನಕ ಬೆಟ್ಟ. ನಿಂತರೆ ಒಲೆ.

ಒಲೆಯಾದದ್ದನ್ನು ಆಕೆ ಒಮ್ಮೆ ಕಂಡಿದ್ದಳು. ಹಿಂದಿನ ಬೇಸಿಗೆಯಲ್ಲಿ ಫ್ಯಾನಿನ ಬೆಲ್ಟು ಹರಿದು, ಮೊದಲ ತಂಡದ ಸಸಿಗಳು ಒಂದೇ ಮಧ್ಯಾಹ್ನದಲ್ಲಿ ಬೆಂದವು. ಬಾಗಿಲು ತೆಗೆದರೆ ಪುಂಡಿಪಲ್ಯ ಕುದಿಸಿದ ವಾಸನೆ. ಹೊಳಬಸಪ್ಪ ಮೂಗು ಹಿಡಿದು ಹೊರಬಂದು, ಸಿಟ್ಟಿಲ್ಲದೆ, ಅದಕ್ಕೇ ಹೆಚ್ಚು ನೋಯುವಂತೆ ಹೇಳಿದ್ದರು: "ಇನ್ನೊಂದ ಸಲ ಹಿಂಗ ಪಲ್ಯೆ ಆತಂದ್ರ ಸಾಕ ಮಾಡೂಣು ಮಹೇಶ್ವರಿ. ಈ ಗುಡ್ಡದ ಮ್ಯಾಲ ಡಬಗಳ್ಳಿ ಹಚ್ಚಿಬಿಡೂಣು. ಅವು ಯಾರ ಕೈಯಾಗೂ ಸಾಯೂದಿಲ್ಲ."

ಈಗಿರುವುದು ಎರಡನೇ ತಂಡ, ಕೊನೆಯದೂ ಹೌದು. ಒಳಗಿನ ಶಾಖ ಮೂವತ್ತು ಡಿಗ್ರಿ ದಾಟಿ ಒಂದು ತಾಸು ನಿಂತರೆ ಎಳೆಯ ಬೇರುಗಳು ಹೋಗುತ್ತವೆ, ಆಮೇಲೆ ಕಳ್ಳಿ. ಬಾಗಿಲ ಪಕ್ಕ ತೂಗುಹಾಕಿದ, ಒಳಗಿನ, ಹೊರಗಿನ ಎರಡೂ ಶಾಖ ತೋರಿಸುವ ಕೆಂಪು ಅಂಕಿಗಳ ಮಾಪಕದತ್ತ ಆಕೆ ಮೋಡದ ನಡುವಿನಿಂದಲೇ ನೋಡಿದಳು. ಒಳಗೆ ಇಪ್ಪತ್ತೆರಡೂವರೆ. ಮತ್ತೊಮ್ಮೆ ನಕ್ಕಳು.

*

ನಾಲ್ಕು ಗಂಟೆಯ ಸುಮಾರಿಗೆ ಚೊಳಚಗುಡ್ಡದ ಕಡೆಯಿಂದ ಹೆಂಗಸರ ದೊಡ್ಡ ಗುಂಪೊಂದು ಬಂತು. ಹಿಂದೆ ಇನ್ನೊಂದು. ಬಾದಾಮಿ ಕಡೆಯಿಂದ ಮತ್ತೊಂದು. ಜನ ಬರುವುದು ಸಂತೋಷವೇ. ಆದರೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ತಟ್ಟೆ, ತಟ್ಟೆಯಲ್ಲಿ ಪಣತಿ, ಬತ್ತಿ, ಸಣ್ಣ ಬಾಟಲಿಯಲ್ಲಿ ಕುಸುಬಿ ಎಣ್ಣೆ. ಕೆಲವರು ಮನೆಯ ಕಂಚಿನ ದೀಪಗಳನ್ನೇ ಸೆರಗಲ್ಲಿ ಸುತ್ತಿ ತಂದಿದ್ದರು.

ಮುಂದಿನ ಗುಂಪಿನ ಮುಖ್ಯಸ್ಥೆ ಮರೆವ್ವ. ಬನಶಂಕರಿ ಗುಡಿಯ ಮುಂದೆ ಬುಟ್ಟಿಯಿಟ್ಟು ರೊಟ್ಟಿ, ಕೆನೆಮೊಸರು ಮಾರುವವಳು. ಗುಡಿಗೆ ಬಂದವರನ್ನು ಊಟ ಮಾಡಿಸದೆ ಕಳಿಸಿದ್ದು ಕಡಿಮೆ. ಬಯ್ಯದೆ ಕಳಿಸಿದ್ದು ಇನ್ನೂ ಕಡಿಮೆ. ಆಕೆ ಗಾಜಿನ ಮನೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿ ಕೇಳಿದಳು:

"ಯವ್ವಾ, ಬೆಟ್ಟ ಎಲ್ಲೈತಿ?"

"ಒಳಗ ಐತ್ರಿ ಅಕ್ಕಾರ," ಎಂದಳು ಮಹೇಶ್ವರಿ.

"ಮನಿ ಒಳಗ ಬೆಟ್ಟ ಇಟ್ಟೀರಿ? ಯಾರರೆ ಕದೀತಾರಂತ?" ಹಿಂದಿನವರು ನಕ್ಕರು. "ಇರ್ಲಿ. ದೀಪ ಎಲ್ಲಿ ಹಚ್ಚೂಣು, ಹೇಳು. ಕೈ ಸೋತಾವ."

"ದೀಪ ಯಾಕ ತಂದ್ರಿ?"

"ಕೇಳ್ರೆವಾ ಈಕಿ ಮಾತ!" ಮರೆವ್ವ ಗುಂಪಿನ ಕಡೆ ತಿರುಗಿದಳು. "ಕರದಾಕಿನ ಕೇಳ್ತಾಳ, ಯಾಕ ತಂದ್ರಿ ಅಂತ. ಮೊನ್ನಿಯಿಂದ ನಿಮ್ಮ ಆಟೋ ಒದರಿ ಒದರಿ ನಮ್ಮ ಎಮ್ಮಿ ಹಾಲ ಇಳಿಸೂದ ಬಿಟ್ಟಾವು. 'ಬೆಟ್ಟದ ದೀಪಕ್ಕ ಬರ್ರಿ, ಮನಿಮಂದಿ ಕೂಡಿ ಬರ್ರಿ' ಅಂತ. ದೀಪಕ್ಕ ಕರದ್ರ ಖಾಲಿ ಕೈಲೆ ಬರೂದ?"

ಆಟೋ ಅಲ್ಲೇ ಗೇಟಿನ ಬಳಿ ನಿಂತಿತ್ತು, ನೆತ್ತಿಯ ಮೇಲೆ ಧ್ವನಿವರ್ಧಕದ ಭೋಂಗಾ ಹೊತ್ತುಕೊಂಡು. ಅದರ ಮಾಲೀಕ ಇಮಾಮಹುಸೇನ ಪ್ರಚಾರದ ಧ್ವನಿಗೆ ಬಾದಾಮಿ ತಾಲೂಕಿನಲ್ಲೇ ಹೆಸರಾದವನು. ಮಹೇಶ್ವರಿ ಅವನನ್ನು ಕರೆದು, ರೆಕಾರ್ಡು ಹಾಕು ಎಂದಳು. ಭೋಂಗಾ ಗೊರಗೊರ ಎಂದು ಗಂಟಲು ಸರಿ ಮಾಡಿಕೊಂಡು ಕೂಗಿತು: "ಬನ್ನಿ, ಬನ್ನಿ! ದೂರದ ಬೆಟ್ಟದ ದೀ...ಪ, ಈಗ ನಮ್ಮ ಬಾದಾಮಿಯಲ್ಲಿ!"

ಎಲ್ಲರೂ ಇಮಾಮಹುಸೇನನ ಕಡೆ ತಿರುಗಿದರು.

"ದ್ವೀಪ ಅಂದೇನ್ರಿ ನಾ," ಎಂದ ಇಮಾಮಹುಸೇನ, ಎದೆಯ ಮೇಲೆ ಕೈಯಿಟ್ಟು. "ಖರೆ ಹೇಳ್ತೇನ್ರಿ, ಒಳಗ 'ವ' ಐತ್ರಿ. ಭೋಂಗಾದಾಗಿಂದ ಹೊರಗ ಬರೂದಿಲ್ಲ, ಅಷ್ಟ."

ಮಹೇಶ್ವರಿ ನಿಧಾನವಾಗಿ ಹೊಳಬಸಪ್ಪನವರತ್ತ ತಿರುಗಿದಳು. ಸಾವಕಾರರು ಇಸ್ತ್ರಿ ಹಾಕಿದ ಬಿಳಿ ಜುಬ್ಬಾದೊಳಗೆ ಸಣ್ಣಗಾಗುತ್ತಿದ್ದರು. ಪ್ರಚಾರಕ್ಕೆ 'ಬೆಟ್ಟದ ನಡುಗಡ್ಡಿ' ಎಂದು ಹೇಳಿಸೋಣ, ಎಲ್ಲರಿಗೂ ತಿಳಿಯುತ್ತದೆ ಎಂದು ಆಕೆ ಬಡಕೊಂಡಿದ್ದಳು. ಅವರೇ ಬೇಡವೆಂದದ್ದು. "ನಡುಗಡ್ಡಿ ಅಂದ್ರ ಹೊಳಿ ಬಂದಾಗ ಎಮ್ಮಿ ಸಿಕ್ಕೊಂಡು ನಿಂದ್ರೂ ಜಾಗ. ಭಾರಿ ಶಬ್ದ ಬೇಕು. ದ್ವೀಪ ಅನ್ನು," ಎಂದಿದ್ದರು.

"ನಡುಗಡ್ಡಿ ಅಂದಿದ್ರ..." ಎಂದಳು ಮಹೇಶ್ವರಿ.

"ಎಮ್ಮಿ ಹುಡುಕ್ಕೋಂತ ಬರ್ತಿದ್ರು," ಎಂದು ಹೊಳಬಸಪ್ಪ ಮೀಸೆಯೊಳಗೆ ಗೊಣಗಿದರು. "ಇವು ದೀಪರೆ ಅದಾವು. ಎಮ್ಮಿ ಬಂದಿದ್ರ ಏನ ಮಾಡ್ತಿದ್ದಿ?"

ಮಹೇಶ್ವರಿಗೆ ನಗು ಬಂತು. ಆದರೆ ತಲೆಯೊಳಗೆ ಲೆಕ್ಕ ಆಗಲೇ ಓಡುತ್ತಿತ್ತು. ಒಂದು ಪಣತಿಯ ಜ್ವಾಲೆ ಸುಮಾರು ನಲವತ್ತು ವ್ಯಾಟ್ ಶಾಖ ಕೊಡುತ್ತದೆ. ಇಲ್ಲಿ ಇನ್ನೂರಕ್ಕೂ ಹೆಚ್ಚು ಪಣತಿ. ಅಂದರೆ ಕೋಣೆ ಕಾಯಿಸುವ ನಾಲ್ಕೈದು ಹೀಟರುಗಳನ್ನು ಹೂಜಿಗಿಡಗಳ ಪಕ್ಕ ಇಟ್ಟಂತೆ.

"ಅಕ್ಕಾರ, ಸಿಟ್ಟ ಆಗಬ್ಯಾಡ್ರಿ. ದೀಪ ಒಳಗ ಒಯ್ಯಾಕ ಬರೂದಿಲ್ಲ. ಗಿಡ ಬೇಯ್ತಾವು."

"ದೀಪಕ್ಕ ಬೇಯೂ ಗಿಡ ಎಂಥಾವು? ಬನಶಂಕರಿ ಅಂದ್ರ ಬನದ ತಾಯಿ. ಆಕಿ ಮುಂದ ದೀಪ ಹಚ್ತೇವಿ. ಯಾವ ಬನ ಸುಟ್ಟೈತಿ?"

"ಇವು ಥಂಡಿ ದೇಶದ ಗಿಡ್ರಿ. ಬಾಣಂತಿ ಇದ್ದಂಗ. ಭಾಳ ನಾಜೂಕ."

"ಬಾಣಂತಿಗೆ ನಾವು ಬೆಂಕಿ ಕಾಸ್ತೇವಿ," ಎಂದಳು ಮರೆವ್ವ. ಮತ್ತೆ ನಗೆ. ಮಹೇಶ್ವರಿ ಹೋಲಿಕೆ ಕೊಡುವುದನ್ನು ಅಲ್ಲಿಗೆ ಬಿಟ್ಟಳು.

ಕಡೆಗೆ ರಾಜಿಯಾಯಿತು. ಬಾಗಿಲ ಮುಂದಿನ ಉದ್ದನೆಯ ಕಲ್ಲುಕಟ್ಟೆಯ ಮೇಲೆ, ಹೊರಗೆ, ಸಾಲಾಗಿ ದೀಪ ಹಚ್ಚುವುದು. ಆಮೇಲೆ ಒಳಗೆ ಹೋಗಿ ಬೆಟ್ಟ ನೋಡುವುದು. ಹೆಂಗಸರು ಕಟ್ಟೆಯ ಮೇಲೆ ಪಣತಿ ಹೂಡಿ, ಎಣ್ಣೆ ಹಾಕಿ, ಒಂದರಿಂದ ಒಂದಕ್ಕೆ ಬೆಂಕಿ ದಾಟಿಸತೊಡಗಿದರು. ಬಿಸಿಲಲ್ಲಿ ಜ್ವಾಲೆ ಕಾಣುತ್ತಲೇ ಇರಲಿಲ್ಲ. ಬತ್ತಿಯ ಮೇಲಿನ ಗಾಳಿ ಮಾತ್ರ ನಡುಗುತ್ತಿತ್ತು.

ಅಷ್ಟರಲ್ಲಿ ಒಂದು ಸದ್ದು ನಿಂತಿತು. ನಿಂತ ಮೇಲೆಯೇ ಅದು ಅಷ್ಟು ಹೊತ್ತು ಇತ್ತೆಂಬುದು ಎಲ್ಲರ ಗಮನಕ್ಕೆ ಬಂದದ್ದು. ಫ್ಯಾನುಗಳು.

"ಕರೆಂಟ್ ಹೋತ್ರಿ!" ಎಂದು ಕಲ್ಲೇಶ ಕೂಗಿ, ಜನರೇಟರಿನ ಕಡೆ ಓಡಿದ. ಜನರೇಟರು ಎರಡು ಸಲ ಕೆಮ್ಮಿತು, ಕಪ್ಪು ಹೊಗೆಯ ಒಂದು ಉಂಡೆ ಉಗುಳಿತು, ಮತ್ತೆ ಬಾಯಿ ತೆರೆಯಲಿಲ್ಲ. ಅವನು ಅದರ ಮೈಯನ್ನೆಲ್ಲ ಬಿಚ್ಚಿ ಹರಡಿದ. ಅದು ಮಾತ್ರ ಮದುವೆಮನೆಯಲ್ಲಿ ಮುನಿದ ಬೀಗರಂತೆ ಮುಖ ಗಂಟಿಕ್ಕಿಕೊಂಡು ಕುಳಿತಿತ್ತು.

ಕೆಂಪು ಅಂಕಿಗಳು ಏರತೊಡಗಿದವು. ಮಾಪಕ ಬ್ಯಾಟರಿಯದು, ಅದಕ್ಕೆ ಕರೆಂಟಿನ ಹಂಗಿಲ್ಲ, ಕರುಣೆಯೂ ಇಲ್ಲ. ಇಪ್ಪತ್ನಾಲ್ಕು. ಇಪ್ಪತ್ತೈದೂವರೆ. ಫ್ಯಾನುಗಳ ಮುಂದಿನ ತಗಡಿನ ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಂಡಿದ್ದವು. ಲಾವಂಚದ ಗೋಡೆಯ ಮೇಲೆ ಟಾಕಿಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಆದರೆ ಅದರೊಳಗಿಂದ ಗಾಳಿಯನ್ನು ಎಳೆಯುವವರು ಯಾರೂ ಇರಲಿಲ್ಲ. ಬಾಗಿಲು ತೆರೆದರೆ ಹೊರಗಿನ ಮೂವತ್ತಾರು ಡಿಗ್ರಿ ಒಣಗಾಳಿ ನೇರವಾಗಿ ನುಗ್ಗುತ್ತದೆ. ತೆರೆಯದಿದ್ದರೆ ಗಾಜಿನೊಳಗೆ ಬಿಸಿಲು ಕುದಿಯುತ್ತದೆ. ಮೋಡ ಆಗಲೇ ಹೋಗಿತ್ತು. ಇಪ್ಪತ್ತೇಳು. ಮಹೇಶ್ವರಿಯ ಮೂಗಿಗೆ ಇಲ್ಲದ ಪುಂಡಿಪಲ್ಯದ ವಾಸನೆ ಬಂತು.

ಹೊಳಬಸಪ್ಪ ಆಕೆಯ ಮಗ್ಗುಲಲ್ಲಿ ಬಂದು ನಿಂತರು. ಕಳ್ಳಿಯ ಮಾತೆತ್ತಲಿಲ್ಲ. ಮಾಪಕದ ಅಂಕಿಗಳನ್ನೇ ನೋಡುತ್ತಿದ್ದರು.

ಆಕೆ ಕಟ್ಟೆಯತ್ತ ಮುಖ ತಿರುಗಿಸಿದಳು, ತನ್ನ ಕಣ್ಣೀರು ಯಾರಿಗೂ ಕಾಣಿಸಬಾರದೆಂದು. ಕಟ್ಟೆಯ ಮೇಲೆ ಅಡ್ಡಲಾಗಿ ಮಾವಿನೆಲೆಯ ತೋರಣ ಕಟ್ಟಿದ್ದರು. ಗಾಳಿಯ ಸುಳಿವೇ ಇರಲಿಲ್ಲ. ತೋಟದ ಬೇವಿನ ಮರದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಆದರೆ ದೀಪದ ಸಾಲಿನ ನೇರ ಮೇಲಿದ್ದ ಮಾವಿನೆಲೆಗಳು ಕುಣಿಯುತ್ತಿದ್ದವು. ಪಕ್ಕದವು ಸುಮ್ಮನಿದ್ದವು. ಇವು ಮಾತ್ರ ಕೆಳಗಿನಿಂದ ಯಾರೋ ಊದಿದಂತೆ ತುದಿ ಮೇಲಕ್ಕೆತ್ತಿ ಥಕಥಕ ಕುಣಿಯುತ್ತಿದ್ದವು.

ಮಹೇಶ್ವರಿ ಎಲೆಗಳನ್ನು ನೋಡಿದಳು. ಆಮೇಲೆ ಗಾಜಿನ ಮನೆಯ ಮಾಡಿನ ಕಡೆ ನೋಡಿದಳು. ಮಾಡಿನ ನಡುವೆ ಒಂದು ಗಾಜಿನ ಗೋಪುರವಿತ್ತು, ಮನುಷ್ಯನಿಗಿಂತ ಎತ್ತರದ್ದು. ಬೆಟ್ಟವೆಂದರೆ ಮೇಲೊಂದು ಶಿಖರ ಬೇಕೆಂದು ಹೊಳಬಸಪ್ಪ ಕಟ್ಟಿಸಿದ್ದು. ಅದರ ನೆತ್ತಿಯಲ್ಲಿ ನಾಲ್ಕು ಕಿಂಡಿಗಳಿದ್ದವು. ಫ್ಯಾನು ತಿರುಗುವಾಗ ಅಲ್ಲಿಂದ ಬಿಸಿಗಾಳಿ ಒಳಗಿಳಿಯುತ್ತದೆಂದು ಅವನ್ನು ಆಕೆ ಸದಾ ಮುಚ್ಚಿಸಿಡುತ್ತಿದ್ದಳು. ಈಗ ಫ್ಯಾನು ತಿರುಗುತ್ತಿರಲಿಲ್ಲ.

ಬಿಸಿಯಾದ ಗಾಳಿ ಮೇಲೇಳುತ್ತದೆ. ಎದ್ದು ಹೊರಟರೆ ಅದರ ಜಾಗಕ್ಕೆ ಬೇರೆ ಗಾಳಿ ಬರಲೇಬೇಕು. ಮನೆಯಲ್ಲಿ ತೆರೆದಿರುವ ದಾರಿ ಒಂದೇ ಒಂದಾದರೆ, ಅದು ಹಸಿಬೇರಿನ ಗೋಡೆಯಾದರೆ...

ಏಳನೇ ಇಯತ್ತೆಯ ಪಾಠ. ಆಕೆಗೆ ಬಂದ ನಗು ಈ ಸಲ ಬೇರೆ ಥರದ್ದು, ಹೊಟ್ಟೆಯ ಬುಡದಿಂದ ಗುಳ್ಳೆಗುಳ್ಳೆಯಾಗಿ ಏಳುವಂಥದು.

"ಅಕ್ಕಾರ! ದೀಪ ಎತ್ರಿ! ಎಲ್ಲಾ ಒಳಗ ತೊಗೊಂಡ ಬರ್ರಿ!"

ಮರೆವ್ವ ಸೊಂಟಕ್ಕೆ ಕೈ ಕೊಟ್ಟಳು. "ಈಗ ಒಳಗ ಬ್ಯಾಡ ಅಂದಿ?"

"ಈಗ ಬೇಕ್ರಿ!"

"ಬಾಣಂತಿ?"

"ಬಾಣಂತಿ ಮ್ಯಾಲ ಅಲ್ರಿ, ಬಾಣಂತಿ ನೆತ್ತಿ ಮ್ಯಾಲ! ಗೋಪುರದಾಗ!"

"ಓದಿದವ್ರ ಕೂಡ ಹ್ಯಾಂಗ ಬಾಳೆ ಮಾಡ್ತಾರವಾ ಜನ," ಎಂದು ಮರೆವ್ವ ಆಕಾಶವನ್ನು ಕೇಳಿದಳು. ಆದರೆ ಆಕೆಯ ಕೈ ಆಗಲೇ ಮೊದಲ ಪಣತಿಯನ್ನು ಎತ್ತಿತ್ತು.

ಗುಡ್ಡದ ಹಿಂಭಾಗದಲ್ಲಿ ಕೆಲಸದವರು ಹತ್ತುವ ಕಬ್ಬಿಣದ ಮೆಟ್ಟಿಲುಗಳಿದ್ದವು. ಅವು ಮುಗಿಯುವಲ್ಲಿ, ಗೋಪುರದ ಬುಡಕ್ಕೆ ಸರಿಯಾಗಿ, ನೆತ್ತಿಯ ಸುತ್ತ ಬರಿಗಲ್ಲಿನ ಅಂಚು. ಗಿಡ, ಪಾಚಿ ಯಾವುದೂ ಅಲ್ಲಿರಲಿಲ್ಲ. ಕಲ್ಲೇಶ ಮೇಲೆ ಹತ್ತಿ ನಾಲ್ಕೂ ಕಿಂಡಿಗಳನ್ನು ಕೊಡತಿಯಿಂದ ಬಡಿದು ತೆರೆದ. ಮಹೇಶ್ವರಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಟ್ಟು ಮತ್ತೆ ಬಾಗಿಲು ಮುಚ್ಚಿದಳು. ಮೆಟ್ಟಿಲಿಗೊಬ್ಬರಂತೆ ಜನ ನಿಂತರು. ಕೆಳಗಿನಿಂದ ಮೇಲಕ್ಕೆ, ಕೈಯಿಂದ ಕೈಗೆ, ಉರಿಯುವ ಪಣತಿಗಳು ಹತ್ತತೊಡಗಿದವು.

"ಸೆರಗ ಹಿಡಕೋ, ಸುಟ್ಟೀತು!"

"ನನ್ನ ಕಂಚಿನ ದೀಪ ಐತಿ ಅದು, ಗುರ್ತ ಇಟ್ಕೊಳ್ರಿ!"

"ಏ ಇಮಾಮ, ಎಣ್ಣಿ ಚೆಲ್ಲಬ್ಯಾಡೋ. ನಿನ್ನ 'ವ' ಚೆಲ್ಲಿದ್ದ ಸಾಕು!"

"ಅತ್ಯಾ, ಪಣತಿ ಕೊಡ್ತೇನಿ ಅಂತ ನನ್ನ ಕೈಯಾಗಿನ ಬಳಿ ಎಳದ್ರೆಲ್ಲ!"

ಮೇಲಿನ ಮೆಟ್ಟಿಲಲ್ಲಿ ಹೊಳಬಸಪ್ಪ. ಯಾರೂ ಕರೆದಿರಲಿಲ್ಲ, ತಾವೇ ಹತ್ತಿ ನಿಂತಿದ್ದರು. ಬಂದ ಒಂದೊಂದು ದೀಪವನ್ನೂ ಎರಡೂ ಕೈಯಲ್ಲಿ ತೆಗೆದುಕೊಂಡು ಕಲ್ಲಿನ ಅಂಚಿನ ಮೇಲೆ ಸಾಲಾಗಿ ಇಡುತ್ತಿದ್ದರು. ಬಿಳಿ ಜುಬ್ಬಾದ ಮೇಲೆ ಎಣ್ಣೆಯ ನಕಾಶೆ ಮೂಡುತ್ತಿತ್ತು.

ಮಹೇಶ್ವರಿ ಕೆಂಪು ಅಂಕಿಗಳ ಮುಂದೆ ನಿಂತಳು. ಇಪ್ಪತ್ತೆಂಟೂವರೆ. ಇಪ್ಪತ್ತೊಂಬತ್ತು. ದೀಪಗಳೆಲ್ಲ ಮೇಲೇರಿದ್ದವು, ಅಂಕಿಯೂ ಏರುತ್ತಿತ್ತು. ಇಪ್ಪತ್ತೊಂಬತ್ತು ಪಾಯಿಂಟ್ ಆರು. ಆಕೆಯ ಲೆಕ್ಕ ತಲೆಕೆಳಗಾಗಿದ್ದರೆ? ಗೋಪುರದ ಶಾಖ ಹೊರಗೆ ಹೋಗದೆ ಒಳಗೇ ಇಳಿಯುತ್ತಿದ್ದರೆ? ಹಾಗಾದರೆ ಗಿಡಗಳನ್ನು ಈ ಸಲ ತಾನೇ ಕೈಯಾರೆ, ಊರ ಮುಂದೆ, ಮಂಗಳಾರತಿ ಸಮೇತ ಬೇಯಿಸಿದಂತೆ. ಹತ್ತಿರದ ಹೂಜಿಗಿಡದ ಎಲೆಯೊಂದು ಬಾಗಿತ್ತು. ಅದನ್ನು ಬೆರಳಿಂದ ಎತ್ತಿದಳು. ಬಿಟ್ಟರೆ ಮತ್ತೆ ಬಾಗಿತು.

"ಮಹೇಶ್ವರಿ, ತಗಸೂದೇನ?" ಮೇಲಿಂದ ಹೊಳಬಸಪ್ಪ ಕೇಳಿದರು.

ಇಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತು.

"ಇನ್ನ ಸ್ವಲ್ಪ ತಡೀರಿ," ಎಂದಳು.

ಮೊದಲು ಕೂಗಿದವನು ಕಲ್ಲೇಶ. ಅವನು ಬೆವರು ಒರೆಸಿಕೊಳ್ಳಲು ಲಾವಂಚದ ಗೋಡೆಯ ಬಳಿ ಬಂದು ಟವೆಲ್ ಬಿಚ್ಚಿದ್ದ. ಟವೆಲ್ ಅವನ ಕೈಯಿಂದ ಎದ್ದು, ಗೋಡೆಯಿಂದ ದೂರಕ್ಕೆ, ಗುಡ್ಡದ ಕಡೆಗೆ ಬಾವುಟದಂತೆ ಹಾರಿತು.

"ಬಂತ್ರಿ ಮೇಡಮ್ಮಾರ! ಥಂಡಿ ಬಂತು! ಫ್ಯಾನ್ ಇಲ್ದನ ಬರಾಕತ್ತೈತಿ!"

ಮಹೇಶ್ವರಿ ಓಡಿ ಹೋಗಿ ಗೋಡೆಗೆ ಮುಖವೊಡ್ಡಿದಳು. ಹಸಿ ಬೇರಿನ ವಾಸನೆ ಹೊತ್ತ ಗಾಳಿ ಆಕೆಯ ಹಣೆ, ಕೆನ್ನೆ, ಕೊರಳನ್ನು ತಣ್ಣಗೆ ಸವರಿಕೊಂಡು ಒಳಗೆ ಹೋಯಿತು. ಅದು ಸಸಿಗಳನ್ನು ದಾಟಿ, ಗುಡ್ಡದ ಮೈ ಹತ್ತಿ, ಗೋಪುರದೊಳಗೆ ನುಗ್ಗಿತು. ಅಲ್ಲಿನ ದೀಪಗಳೆಲ್ಲ ಒಟ್ಟಿಗೆ ಒಮ್ಮೆ ಒಳಕ್ಕೆ ಬಾಗಿ, ಮತ್ತೆ ನೆಟ್ಟಗೆ ನಿಂತು, ಉದ್ದುದ್ದ ಉರಿಯತೊಡಗಿದವು. ಅವು ಜೋರಾಗಿ ಉರಿದಷ್ಟೂ ಗಾಳಿ ಜೋರಾಯಿತು. ಬೆಂಕಿ ತಂಪನ್ನು ಎಳೆದು ತರುತ್ತಿತ್ತು. ಇದನ್ನು ತರಗತಿಯಲ್ಲಿ ಹೇಳಿದ್ದರೆ ತಾನೇ ತಲೆಯಾಡಿಸಿ ಬರೆದುಕೊಳ್ಳುತ್ತಿದ್ದಳು. ಮೈಗೆ ತಾಗಿದಾಗ ಮಾತ್ರ ಕಿರುಚಬೇಕೆನ್ನಿಸಿತು, ಕಿರುಚಿದಳು.

"ಇಳಿಯಾಕತ್ತೈತಿ!" ಮಾಪಕದ ಮುಂದಿದ್ದ ಇಮಾಮಹುಸೇನ ಭೋಂಗಾ ಬೇಕಿಲ್ಲದ ದನಿಯಲ್ಲಿ ಸಾರಿದ. "ಇಪ್ಪತ್ತೊಂಬತ್ತು! ಇಪ್ಪತ್ತೆಂಟೂವರಿ! ಬನ್ನಿ, ಬನ್ನಿ, ಇಪ್ಪತ್ತೆಂಟು!"

ಆಮೇಲೆ ಗಾಜಿನ ಮನೆಯೊಳಗೆ ನಡೆದದ್ದಕ್ಕೆ ಉದ್ಘಾಟನೆ ಎಂಬ ಹೆಸರು ಹೊಂದುವುದಿಲ್ಲ. ಒಬ್ಬ ಮನುಷ್ಯನ ಮೈಯೂ ನೂರು ವ್ಯಾಟ್ ಶಾಖ ಬಿಡುತ್ತದಾದ್ದರಿಂದ ಮಹೇಶ್ವರಿ ಹತ್ತಿಪ್ಪತ್ತು ಜನರನ್ನಷ್ಟೇ ಒಳಗೆ ಬಿಟ್ಟು, ಅವರು ಹೊರಬಂದ ಮೇಲೆ ಮುಂದಿನವರನ್ನು ಬಿಡುತ್ತಿದ್ದಳು. ಒಳಗೆ ಹೋದವರು ಹೊರಬರಲು ಒಪ್ಪುತ್ತಿರಲಿಲ್ಲ. ಲಾವಂಚದ ಗೋಡೆಯ ಮುಂದೆ ತೋಳು ಚಾಚಿ ನಿಂತು, "ಹಾ... ಯವ್ವಾ... ಸ್ವರ್ಗ ಐತಿ," ಎನ್ನುತ್ತಿದ್ದರು. ಹೊರಗಿನವರು ಗಾಜು ಬಡಿದು, "ಸ್ವರ್ಗದಾಗ ಎಷ್ಟೊತ್ತ ನಿಂದ್ರತೀರಿ, ಹೊರಗ ಬರ್ರಿ," ಎನ್ನುತ್ತಿದ್ದರು.

ಮರೆವ್ವ ಒಂದು ಹೂಜಿಗಿಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಅದರ ಹೂಜಿಯೊಳಗೆ ಇಣುಕಿದಳು. "ಬಾಯಿ ತಕ್ಕೊಂಡ ಕುಂತೈತಲ್ಲ ಇದು, ನಮ್ಮ ಹಿರೇ ಸೊಸಿ ಹಂಗ. ಏನ ತಿಂತೈತಿ?"

"ಹುಳಾ ತಿಂತೈತ್ರಿ," ಎಂದಳು ಮಹೇಶ್ವರಿ.

"ಹುಳಾ? ಹಸೇವನ? ಉಪ್ಪು ಖಾರ ಇಲ್ದ?"

"ಏನೂ ಇಲ್ದ."

"ಪಾಪ, ಯಾರೂ ಮಾಡಿ ಹಾಕಿಲ್ಲ ಇದಕ್ಕ," ಎಂದು ಮರೆವ್ವ ಮರುಗಿದಳು. ಆಮೇಲೆ ತುಸು ಯೋಚಿಸಿ ದನಿ ತಗ್ಗಿಸಿದಳು. "ತಂಗಿ, ಮೊಸರಿನ ಬುಟ್ಟಿ ಮುಂದ ನೊಣಾ ಭಾಳ. 'ಒಂದ ಗಿಡ ಕೊಡು' ಅಂತ ನಾ ಕೇಳೂದಿಲ್ಲ. ನೀನ ತಿಳ್ಕೊ."

"ಇದು ಇಲ್ಲಿಂದ ಹೊರಗ ಬದುಕೂದಿಲ್ರಿ ಅಕ್ಕಾರ. ಬಾಗಿಲ ದಾಟಿದ್ರ ಅದಕ್ಕ ಸಮುದ್ರ."

"ಸಮುದ್ರ?" ಮರೆವ್ವ ಗಾಜಿನ ಆಚೆಗೆ, ಬಿಳಿಚಿಕೊಂಡ ರಸ್ತೆಯನ್ನೂ ಬಿಸಿಲಲ್ಲಿ ನಡುಗುತ್ತಿದ್ದ ಕೆಂಪು ಗುಡ್ಡಗಳನ್ನೂ ನೋಡಿದಳು. "ಹೌದ ಬಿಡು. ನಾವು ಅದರಾಗ ಈಸಿಕೋಂತನ ಬಂದೇವಿ."

ಮೇಲೆ ಹೊಳಬಸಪ್ಪ ಇನ್ನೂ ಮೆಟ್ಟಿಲು ಬಿಟ್ಟಿರಲಿಲ್ಲ. ದೀಪಗಳ ಬೆಳಕಲ್ಲಿ ಮುಖ ಕೆಂಪಾಗಿ, ಕಂಬಿ ಹಿಡಿದು ತೂಗಾಡುತ್ತ ಕೂಗಿದರು: "ಮಹೇಶ್ವರೀ! ತಲಿ ಹಗುರ ಆಗಾಕತ್ತೈತಿ! ಥೇಟ್ ಕಿನಬಾಲು! ಮೂರು ಸಾವಿರ ಮೀಟರ್!"

"ಅದು ಎತ್ತರ ಅಲ್ರಿ ಸಾವಕಾರ್ರ, ಎಣ್ಣಿ ಹೊಗಿ! ಮೊದಲ ಕೆಳಗ ಇಳೀರಿ!"

"ಹೊಗಿನರೆ ಇರ್ಲಿ, ಧಗಿನರೆ ಇರ್ಲಿ. ನಾ ಇಳಿಯೂದಿಲ್ಲ," ಎಂದರು. ಕಡೆಗೆ ಕಲ್ಲೇಶ ಮತ್ತು ಇಮಾಮಹುಸೇನ ಇಬ್ಬರೂ ಹೆಗಲು ಕೊಟ್ಟು ಇಳಿಸಿದರು. ನೆಲಕ್ಕೆ ಬಂದವರೇ ಕೈಗೆ ಸಿಕ್ಕ ಇಮಾಮಹುಸೇನನನ್ನು ಅಪ್ಪಿಕೊಂಡು, ಅವನ ಬೆನ್ನು ಚಪ್ಪರಿಸಿ, "ಭೇಷ್ ಒದರಿದಿ ಲೇ ಮಗನ. ಖರೇನ ಭೇಷ್ ಒದರಿದಿ," ಎಂದರು. ಅವನ ಅಂಗಿಗೂ ಎಣ್ಣೆ ಹತ್ತಿತು.

ಸಂಜೆ ಆರು ದಾಟಿತ್ತು. ಹೊರಗಿನ ಬಿಸಿಲು ಕುಂಕುಮದ ಬಣ್ಣಕ್ಕೆ ತಿರುಗಿ ಗಾಜಿನ ಮೇಲೆ ಅಡ್ಡಲಾಗಿ ಬಿದ್ದಿತ್ತು. ಆಗ ಗೋಡೆಯ ಮೇಲಿನ ಹಸಿರು ದೀಪ ಹತ್ತಿಕೊಂಡಿತು. ಕರೆಂಟು ಬಂದಿತ್ತು. ಕಲ್ಲೇಶ ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ.

"ಬ್ಯಾಡ!" ಎಂದಳು ಮಹೇಶ್ವರಿ. "ಈಗ ಹಚ್ಚಿದ್ರ ಗೋಪುರದ ಬಿಸಿ ಎಲ್ಲಾ ಕೆಳಗ ಬರ್ತೈತಿ. ಮೊದಲ ದೀಪ ಇಳಿಸಿ ಕಿಂಡಿ ಮುಚ್ಚೂಣು. ಅದಕ್ಕೂ ಮೊದಲ, ಫ್ಯಾನ್ ಇಲ್ದನ ಎಷ್ಟ ಇಳದೈತಿ ಅಂತ ನಾ ಒಂದ ಸಲ ನೋಡ್ಬೇಕು."

"ಏನ ನೋಡ್ತಿ? ಗಿಡ ನಿನ್ನ ಮುಂದನ ನಗಾಕತ್ತಾವು," ಎಂದಳು ಮರೆವ್ವ.

ಹೊಳಬಸಪ್ಪ ಕೈ ಮುಗಿದಂತೆ ಮಾಡಿದರು. "ನೋಡವಾ, ನೋಡು. ನಾ ಕಳ್ಳಿ ಮಾತ ಇನ್ನ ಬಾಯಾಗ ತರೂದಿಲ್ಲ. ಆದ್ರ ನೀ ನೋಡಿ ಹೇಳು, ನಾಳಿ ಇಳಕಲ್ಲಾಗ ಹೇಳ್ಕೋಂತ ಅಡ್ಡಾಡ್ಬೇಕಾಗೈತಿ."

ಮಾಪಕದ ಗಾಜಿನ ಮೇಲೆ ಸಣ್ಣ ಹನಿಗಳು ಕಟ್ಟಿದ್ದವು. ಮಹೇಶ್ವರಿ ಸೆರಗಿನ ತುದಿಯಿಂದ ಒರೆಸಿದಳು, ಓದಿದಳು, ಅಭ್ಯಾಸಬಲದಿಂದ ಕಣ್ಣು ಮುಚ್ಚಿ ತೆರೆದು ಮತ್ತೊಮ್ಮೆ ಓದಿದಳು. ಹಿಂದೆ ಜನ ಕತ್ತು ಚಾಚಿ ನಿಂತಿದ್ದರು. ಆಕೆ ತಿರುಗಿ, ನಗು ತಡೆದುಕೊಂಡು, ಒಂದೊಂದು ಅಂಕಿಯನ್ನೂ ಬಿಡಿಸಿ ಎಲ್ಲರಿಗೂ ಕೇಳುವಂತೆ ಹೇಳಿದಳು.

ಹೊರಗೆ 34.1 ಡಿಗ್ರಿ. ಒಳಗೆ 23.8.